ವಾರಸುದಾರರಿಲ್ಲದ ಅಲಸಂದೆ

ಹೊಸದುರ್ಗದಿಂದ ಬರುವ ಕೊನೇ ಬಸ್ಸು.
ಹಿಂದಿನ ಸೀಟಿನಡಿ
ಹಳೇ ಟವೆಲಿನಲ್ಲಿ ಕಟ್ಟಿದ ಗಂಟು.
ಅಲ್ಲಾಡಿಸಿದೆ. ಚಿಲ್ಲರೆಯಲ್ಲ, ಕಾಳು.
ಡಿಪೋದಲ್ಲಿ ಬರೆಸಿ, ಚೀಟಿ ಅಂಟಿಸಿದ್ದಾಯಿತು.
ತೊಂಬತ್ತು ದಿನ ಯಾರೂ ಬರಲಿಲ್ಲ.
ಹರಾಜಿನ ಮೇಜಿನ ಮೇಲೆ ಎರಡು ಕೊಡೆ,
ಒಂದು ಹೆಲ್ಮೆಟ್ಟು, ಒಂಟಿ ಚಪ್ಪಲಿ, ಇದು.
ಕೊಡೆಗೆ ಕೂಗಿದವರು ಕಾಳಿಗೆ ಕೂಗಲಿಲ್ಲ.
ನಲವತ್ತು ರೂಪಾಯಿ ಅಂದೆ. ನನ್ನದಾಯಿತು.

ಇವತ್ತು ವಾರದ ರಜೆ.
ನಿನ್ನೆ ಮಲಗುವ ಮುಂಚೆ ಎರಡು ನೆನೆಹಾಕಿದ್ದೆ:
ಬಕೆಟ್ಟಿನಲ್ಲಿ ಖಾಕಿ, ಬೋಗುಣಿಯಲ್ಲಿ ಅಲಸಂದೆ.
ಎರಡರ ನೀರೂ ಒಂದೇ ಬಣ್ಣಕ್ಕೆ ತಿರುಗಿತ್ತು.
ಧೂಳು ಅಂದುಕೊಂಡೆ.
ದುರ್ಗದಲ್ಲಿ ಬಂಡೆ ಬಿಟ್ಟರೆ ಮಿಕ್ಕಿದ್ದೆಲ್ಲ ಧೂಳೇ.

ಬೆಳಗ್ಗೆ ನೋಡಿದರೆ ಕಾಳು ಉಬ್ಬಿ
ಬೋಗುಣಿಯ ಅಂಚಿಗೆ ಬಂದು ಕೂತಿವೆ.
ಕಪ್ಪುಚುಕ್ಕೆಗೆ ಜನ ಕಣ್ಣು ಅಂತಾರೆ.
ನನಗದು ಹೊಕ್ಕುಳು.
ಕಾಯೊಳಗೆ ತಾಯಿಗೆ ಅಂಟಿಕೊಂಡಿದ್ದ ಜಾಗ.

ಇಕ್ಕಳದಲ್ಲಿ ಈರುಳ್ಳಿ ಹಿಡಿದು
ಗ್ಯಾಸಿನ ಉರಿಗೇ ಒಡ್ಡಿ ಸುಟ್ಟೆ,
ಸಿಪ್ಪೆ ಕರಿಕಾಗಿ ಒಳಗೆ ಸಿಹಿ ಬೆವರುವವರೆಗೆ.
ಒಣಕೊಬ್ಬರಿ, ಬೆಳ್ಳುಳ್ಳಿ ಒಂದು ಗಡ್ಡೆ ಪೂರಾ,
ಧನಿಯಾ, ಬ್ಯಾಡಗಿ ಆರು, ಖಾರದ್ದು ಎರಡು,
ಚಕ್ಕೆ, ಲವಂಗ, ಗಟ್ಟಿ ಬರಲೆಂದು ಒಂದು ಹಿಡಿ ಹುರಿಗಡಲೆ.
ಮಿಕ್ಸಿ ಮಧ್ಯದಲ್ಲಿ ನಿಂತಿತು. ಕರೆಂಟು ಹೋಯಿತು.
ಉಳಿದದ್ದು ಒರಳಿಗೆ.
ಅರ್ಧ ನುಣ್ಣಗೆ, ಅರ್ಧ ತರಿತರಿ.
ನನ್ನ ಅಡುಗೆ ಯಾವತ್ತೂ ಹೀಗೇ.

ಚಳ್ಳಕೆರೆಯ ಶೇಂಗಾ ಎಣ್ಣೆ ಕಾದು
ಸಾಸಿವೆ ಸಿಡಿಯುವಾಗ
ಪಕ್ಕದ ಮನೆ ಬೋರಕ್ಕ ಬಂದಳು,
ಬೆಂಕಿಪೊಟ್ಟಣದ ನೆಪಕ್ಕೆ.
ಟವೆಲಿನಲ್ಲಿ ಉಳಿದ ಕಾಳಿಗೆ ಕೈ ಹಾಕಿ
ಹೆಬ್ಬೆರಳಿನಲ್ಲಿ ತಿಕ್ಕಿ, ಮೂಸಿ, ನನ್ನ ಮುಖ ನೋಡಿದಳು.
"ಇದು ಬೂದಿ ಮೆತ್ತಿದ ಕಾಳು ಕಣವ್ವಾ.
ಉಣ್ಣಾಕಲ್ಲ, ಬಿತ್ತಾಕೆ ಇಕ್ಕಿದ್ದು.
ಯಾರೋ ತೌರಿಂದ ತರ್ತಿದ್ರೇನೋ."

ಆಗಲೇ ಕುಕ್ಕರು ಮೂರನೇ ಸಲ ಕೂಗಿತು.

ಉರಿ ಆರಿಸಿದೆ. ಆರಿಸಿ ಏನು ಮಾಡೋದು,
ಬೆಂದದ್ದು ಬೆಂದಿತ್ತು.
ಆ ರಾತ್ರಿ ಯಾರು ಕೂತಿದ್ದರು ಅಲ್ಲಿ?
ಕಂಡಕ್ಟರಿಗೆ ಮುಖ ನೆನಪಿರೋದಿಲ್ಲ, ಕೈ ನೆನಪಿರುತ್ತೆ.
ಒಂದು ಕೈ, ಹಸಿರು ಗಾಜಿನ ಬಳೆ,
ನೂರರ ನೋಟು ನಾಲ್ಕು ಮಡಿಕೆ.
ಎರಡು ಸಲ ಕೇಳಿದ್ದಳು,
"ಹುಣಸೇಕಟ್ಟೆ ಕ್ರಾಸು ಬಂತಾ?"
"ಬಂದಾಗ ಹೇಳ್ತೀನಿ, ಕೂತ್ಕಳ್ರಿ."
ಹೇಳಲಿಲ್ಲ. ಲೆಕ್ಕ ಬರೀತಿದ್ದೆ.
ಕ್ರಾಸು ದಾಟಿದ ಮೇಲೆ ಯಾರೋ ಕಿರುಚಿ,
ಅವಳು ಎದ್ದು, ಮಗು ಎತ್ತಿ, ಕತ್ತಲಿಗೆ ಇಳಿದಳು.
ನಾನು ರೈಟ್ ಅಂದೆ.

ಗಂಟು ಅವಳದೇ ಇರಬಹುದು.
ಇಲ್ಲದಿರಬಹುದು. ಆ ಸೀಟಿಗೆ ಹತ್ತು ಜನ ಕೂತೆದ್ದಿರುತ್ತಾರೆ.

ಮುದ್ದೆ ಕಟ್ಟಿದೆ.
ಬದನೆಕಾಯಿ ಸಾರಿನಲ್ಲಿ ಕರಗಿ ತೊಟ್ಟು ಮಾತ್ರ ತೇಲುತ್ತಿತ್ತು.
ಕಾಳು ಹಿಸುಕಿದರೆ ಬೆಣ್ಣೆ.
ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ,
ನಾಚಿಕೆಯಾಗುವಷ್ಟು ರುಚಿಯಾಗಿತ್ತು.
ಬೋರಕ್ಕ ಎರಡನೇ ಮುದ್ದೆ ಮುರಿದು,
"ಉಪ್ಪು ಒಂದು ಹರಳು ಕಮ್ಮಿ" ಅಂದಳು.
"ಅರ್ಧ ಉಳಿದೈತಲ್ಲ, ಬಿಡು" ಅಂತಲೂ ಅಂದಳು.

ಅರ್ಧ ಉಳಿದಿದೆ.
ಮತ್ತೆ ಅದೇ ಟವೆಲಿನಲ್ಲಿ, ಅದೇ ಗಂಟು.
ಒಲೆಯೂದಿ ಈಗ ಯಾರ ಮನೆಯಲ್ಲೂ ಇಲ್ಲ,
ಬೋರಕ್ಕನ ನೀರೊಲೆ ಕೆದಕಿ ಒಂದು ಹಿಡಿ ಸೇರಿಸಿದೆ.
ನಾಳೆ ಡ್ಯೂಟಿ ಅದೇ ರೂಟು.
ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ, ಚಿಲ್ಲರೆಯ ಕೆಳಗೆ.
ಯಾರೂ ಕೇಳದಿದ್ದರೂ
ಕ್ರಾಸಿನ ಹೆಸರು ಕೂಗುತ್ತೇನೆ, ಎರಡು ಸಲ,
ಬಸ್ಸು ಪೂರಾ ನಿಂತ ಮೇಲೆ ಇನ್ನೊಂದು ಸಲ.